ಶಾಲೆ ಬಾಗಿಲಿಗೆ ತೋರಣ, ರಸ್ತೆಯಲ್ಲಿ ಮರಣ!

ಗೆಳೆಯಾ,

ಬೇಸಿಗೆ ರಜೆ ಮುಗಿಯಿತು. ಮೇ ಕೊನೆಗೋ ಜೂನ್ ಮೊದಲಿಗೋ ನಾಡಿನ ಶಾಲೆಗಳ ಬಾಗಿಲು ತೆರೆಯುತ್ತದೆ. ಸರ್ಕಾರಿ ಶಾಲೆಗಳಲ್ಲಿ ಪ್ರಾರಂಭೋತ್ಸವ! ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗೋಲಿ, ಮಕ್ಕಳ ಕೈಗೆ ಹೂವು, ಬಾಯಿಗೆ ಸಿಹಿ. ದೊಡ್ಡವರು ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ಕಾರು ಹತ್ತಿ ಹೋಗುತ್ತಾರೆ. ಬಹಳ ಸಂತೋಷ. ಆದರೆ ಆ ತೋರಣದ ಕೆಳಗೆ ಬಂದು ನಿಲ್ಲುವ ಮೊದಲು ಮಗು ಯಾವ ರಸ್ತೆ ದಾಟಿ ಬಂತು ಎಂದು ಅವರಲ್ಲಿ ಒಬ್ಬರಾದರೂ ಕೇಳಿದರೇ?

ಕೇಳಲಿಲ್ಲ. ಕೇಳುವುದೂ ಇಲ್ಲ. ಯಾಕೆಂದರೆ ಗೇಟಿನ ಒಳಗೆ ಶಿಕ್ಷಣ ಇಲಾಖೆ, ಗೇಟಿನ ಹೊರಗೆ ಪಾಲಿಕೆ, ಡಾಂಬರಿನ ಮೇಲೆ ಸಂಚಾರಿ ಪೊಲೀಸು, ಶಾಲಾ ವ್ಯಾನಿನ ಒಳಗೆ ಆರ್‌ಟಿಓ. ನಾಲ್ಕು ಇಲಾಖೆಗಳ ನಡುವೆ ಆರು ವರ್ಷದ ಒಂದು ಮಗು! ಆ ಮಗು ಮಾತ್ರ ಯಾರದ್ದೂ ಅಲ್ಲ.

ಕಳೆದ ಜೂನ್‌ನಲ್ಲಿ ನಾವು ನಾಲ್ವರು ಗೆಳೆಯರು ನಮ್ಮ ಬಡಾವಣೆಯ ಒಂದು ಸರ್ಕಾರಿ ಕನ್ನಡ ಶಾಲೆಯ ಮುಂದೆ ಮೊದಲ ವಾರ ಪೂರ್ತಿ ನಿಂತಿದ್ದೆವು. ನಿಜ ಹೇಳಬೇಕೆಂದರೆ ಹೋದದ್ದು ಬೇರೆ ಕೆಲಸಕ್ಕೆ. ಶಾಲೆಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ಕನ್ನಡ ಶಾಲೆ ಉಳಿಸಿ ಎಂದು ಕರಪತ್ರ ಹಂಚುವುದಕ್ಕೆ. ಅರ್ಧ ಗಂಟೆಯಲ್ಲಿ ಕರಪತ್ರ ಜೇಬು ಸೇರಿತು. ಕೈಗಳು ಬೇರೆ ಕೆಲಸಕ್ಕೆ ಬೇಕಾದವು.

ಅದೇ ರಸ್ತೆಯಲ್ಲಿ ಇನ್ನೂರು ಹೆಜ್ಜೆ ಆಚೆ ದೊಡ್ಡದೊಂದು ಇಂಗ್ಲಿಷ್ ಮಾಧ್ಯಮದ ಶಾಲೆ. ಒಂದೊಂದು ಮಗುವನ್ನು ಇಳಿಸಲು ಒಂದೊಂದು ಕಾರು. ಎರಡು ಸಾಲಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದು, ಟಿಫಿನ್ ಡಬ್ಬಿ ಕೊಟ್ಟು, ಮುತ್ತು ಕೊಟ್ಟು, ಹಾರನ್ ಬಾರಿಸಿ ಹೊರಡುವ ಹೊತ್ತಿಗೆ ಹಿಂದೆ ಬಿಎಂಟಿಸಿ ಬಸ್ಸು, ನೀರಿನ ಟ್ಯಾಂಕರು, ಜಲ್ಲಿ ತುಂಬಿದ ಟಿಪ್ಪರು, ತಿಂಡಿ ತಲುಪಿಸುವ ಆತುರದ ಸ್ಕೂಟರುಗಳು. ಈ ಎಲ್ಲದರ ಸಂದಿಯಲ್ಲಿ ನಮ್ಮ ಕನ್ನಡ ಶಾಲೆಯ ಮಕ್ಕಳು. ನಡೆದು ಬರುವವರು. ಗಾರೆ ಕೆಲಸದವರ ಮಕ್ಕಳು, ಮನೆಗೆಲಸದವರ ಮಕ್ಕಳು, ಆಟೋ ಓಡಿಸುವವರ ಮಕ್ಕಳು. ಅಪ್ಪ ಅಮ್ಮ ಬೆಳಿಗ್ಗೆ ಏಳಕ್ಕೇ ಕೆಲಸಕ್ಕೆ ಹೋಗಿಯಾಗಿರುತ್ತದೆ.

ಮೂರನೇ ತರಗತಿಯ ಒಬ್ಬಳು ಹುಡುಗಿ. ಕೈಯಲ್ಲಿ ಒಂದನೇ ತರಗತಿಗೆ ಸೇರಿದ ತಮ್ಮ. ರಸ್ತೆ ಅಂಚಿನಲ್ಲಿ ನಿಂತು ಕಾಲು ಮುಂದಿಡುತ್ತಾಳೆ, ಹಿಂದಕ್ಕೆ ತೆಗೆಯುತ್ತಾಳೆ. ಮತ್ತೆ ಮುಂದೆ, ಮತ್ತೆ ಹಿಂದೆ. ಒಬ್ಬನೂ ನಿಲ್ಲಿಸಲಿಲ್ಲ. ಕೊನೆಗೆ ಕಣ್ಣು ಮುಚ್ಚಿಕೊಂಡವಳ ಹಾಗೆ ತಮ್ಮನನ್ನು ಎಳೆದುಕೊಂಡು ಓಡಿಯೇ ಬಿಟ್ಟಳು. ಕಾರಿನ ಮರೆಯಿಂದ ಬಂದ ಬೈಕು ಕಿರ್ರನೆ ಜಾರಿ ಅವಳಿಂದ ಒಂದು ಗೇಣು ದೂರದಲ್ಲಿ ನಿಂತಿತು. ಬೈಕಿನ ಹುಡುಗ ಕೂಗಿದ: "ಏಯ್, ಕಣ್ಣು ಕಾಣಲ್ವಾ ನಿಂಗೆ?"

ಅಚ್ಚ ಕನ್ನಡದಲ್ಲಿ ಕೂಗಿದ, ಗೆಳೆಯಾ. ನಮ್ಮ ಹುಡುಗನೇ. ಬೈಕಿನ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮದ ಬಾವುಟವನ್ನೂ ಕಟ್ಟಿದ್ದ!

ಆ ಬಾವುಟ ನೋಡಿ ನನ್ನ ತಲೆ ತಗ್ಗಿತು. ಹುಡುಗಿ ಅಳಲಿಲ್ಲ. ತಮ್ಮನ ಚೀಲ ಸರಿಮಾಡಿ ಒಳಗೆ ಹೋದಳು. ಅವಳಿಗೆ ಇದು ದಿನನಿತ್ಯದ್ದು.

ಅವನ ಪ್ರಶ್ನೆಗೆ ಅವಳ ಪರವಾಗಿ ನಾನು ಉತ್ತರ ಹೇಳುತ್ತೇನೆ. ಇಲ್ಲ, ಕಾಣುವುದಿಲ್ಲ! ಮೂರೂವರೆ ಅಡಿ ಎತ್ತರದ ಮಗುವಿಗೆ ಅಡ್ಡ ನಿಲ್ಲಿಸಿದ ಕಾರಿನ ಆಚೆ ಏನು ಬರುತ್ತಿದೆ ಎಂಬುದು ಕಾಣುವುದಿಲ್ಲ. ಕಾರಿನ ಆಚೆ ಇರುವ ನಿನಗೂ ಮಗು ಕಾಣುವುದಿಲ್ಲ. ಕಂಡರೂ ಒಂಬತ್ತು ಹತ್ತು ವರ್ಷದೊಳಗಿನ ಮಗುವಿಗೆ ಬರುತ್ತಿರುವ ಗಾಡಿ ಎಷ್ಟು ವೇಗದಲ್ಲಿದೆ, ತನ್ನ ಹತ್ತಿರ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಸರಿಯಾಗಿ ಲೆಕ್ಕ ಹಾಕಲು ಬರುವುದಿಲ್ಲ. ಅದು ಮಗುವಿನ ತಪ್ಪಲ್ಲ. ಆ ಬುದ್ಧಿ ಬೆಳೆಯುವುದೇ ತಡವಾಗಿ. ಅಲ್ಲಿಯತನಕ ಲೆಕ್ಕ ಹಾಕಬೇಕಾದವನು ಹ್ಯಾಂಡಲ್ ಹಿಡಿದವನು.

ಹಾಗಾದರೆ ಲೆಕ್ಕ ಹಾಕೋಣ ಬಾ. ಗಂಟೆಗೆ 30 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ ಎಂಟು ಮೀಟರ್‌ಗಿಂತ ತುಸು ಹೆಚ್ಚು ಓಡುತ್ತದೆ. 50ರ ಗಾಡಿ ಸುಮಾರು 14 ಮೀಟರ್. ಮಗು ಕಣ್ಣಿಗೆ ಬಿದ್ದು, ಮಿದುಳಿಗೆ ಹತ್ತಿ, ಬ್ರೇಕ್ ಒತ್ತಲು ಒಂದು ಸೆಕೆಂಡಾದರೂ ಬೇಕು. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ 30ರ ಗಾಡಿ 13-14 ಮೀಟರಿನಲ್ಲಿ ಪೂರ್ತಿ ನಿಂತಿರುತ್ತದೆ. ಅದೇ ಜಾಗದಲ್ಲಿ 50ರ ಗಾಡಿ ಇನ್ನೂ ಬ್ರೇಕ್ ಹಿಡಿಯಲು ಶುರು ಮಾಡುತ್ತಿರುತ್ತದೆ! ಒಬ್ಬ ನಿಂತು ಮಗುವಿನ ಮುಖ ನೋಡುವ ಜಾಗದಲ್ಲಿ ಇನ್ನೊಬ್ಬ ಪೂರ್ತಿ ವೇಗದಲ್ಲಿ ಮಗುವಿಗೆ ಗುದ್ದುತ್ತಾನೆ. ಹೊಡೆತದ ಶಕ್ತಿಯೂ ಸಮಸಮ ಏರುವುದಿಲ್ಲ, ವೇಗದ ವರ್ಗದಂತೆ ಏರುತ್ತದೆ. 30ಕ್ಕಿಂತ 50ರಲ್ಲಿ ಎರಡೂ ಮುಕ್ಕಾಲು ಪಟ್ಟು. ಇದು ಒಣ ರಸ್ತೆಯ ಲೆಕ್ಕ. ಜೂನ್ ಅಂದರೆ ಮಳೆ. ಗುಂಡಿ ಯಾವುದು ನೀರು ಯಾವುದು ಗೊತ್ತಾಗದ ಕಾಲ. ಜನ ನಡೆದಾಡುವ ಬೀದಿಗಳಲ್ಲಿ 30 ದಾಟಬಾರದು ಎಂದು 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಜಗತ್ತಿನ ದೇಶಗಳು ಸೇರಿ ಘೋಷಿಸಿದ್ದು ಸುಮ್ಮನೆ ಅಲ್ಲ.

ಕೇಂದ್ರ ಸರ್ಕಾರದ್ದೇ ಲೆಕ್ಕವೊಂದಿದೆ, ಓದಿಕೋ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹದಿನೆಂಟು ತುಂಬದವರು 9,528. ದಿನಕ್ಕೆ 26! ಹಳ್ಳಿಯ ಶಾಲೆಯಲ್ಲಾದರೆ ಒಂದು ತರಗತಿಯ ಹಾಜರಿ ಪುಸ್ತಕ. ದಿನಾ ಒಂದು ಹಾಜರಿ ಪುಸ್ತಕ ಮುಚ್ಚುತ್ತಿದೆ. ಯಾವ ವಿಧಾನಸಭೆಯಲ್ಲಿ ಇದಕ್ಕಾಗಿ ಬಾವಿಗೆ ಇಳಿದರು? ಯಾವ ಪಕ್ಷ ಬಂದ್ ಕರೆಯಿತು? ನಾವಾದರೂ ಕರೆದೆವೇ?

ಇನ್ನು ಸರ್ಕಾರದ ರಸ್ತೆ ಸುರಕ್ಷತಾ ಮಾಸ ಬರುವುದು ಜನವರಿಯಲ್ಲಿ. ಮಕ್ಕಳು ಹೊಸದಾಗಿ ರಸ್ತೆಗೆ ಇಳಿಯುವುದು ಜೂನ್‌ನಲ್ಲಿ! ಜನವರಿಯಲ್ಲಿ ಚಿತ್ರ ಬರೆಯುವ ಸ್ಪರ್ಧೆ, ಘೋಷಣೆ ಬರೆಯುವ ಸ್ಪರ್ಧೆ, ಬಹುಮಾನ ವಿತರಣೆ. "ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡು" ಎಂದು ಮಕ್ಕಳಿಗೆ ಪಾಠ. ಆಯಿತು, ಕಲಿಸಲಿ, ಬೇಡ ಎನ್ನುವವನು ನಾನಲ್ಲ. ಆದರೆ ಏಕಮುಖ ರಸ್ತೆಯಲ್ಲಿ ರಾಂಗ್ ಸೈಡಿನಿಂದ ನುಗ್ಗುವ ಬೈಕಿಗೆ, ಫುಟ್‌ಪಾತ್ ಹತ್ತಿ ಬರುವ ಸ್ಕೂಟರಿಗೆ ಮಗು ಯಾವ ಕಡೆ ನೋಡಬೇಕು? ತಲೆಯ ಹಿಂದೆ ಇನ್ನೆರಡು ಕಣ್ಣು ಮಾಡಿಸಿಕೊಳ್ಳಬೇಕೇ?

ಫುಟ್‌ಪಾತ್ ಮಾತು ಬಂತು. ಕಾಲುದಾರಿಯಲ್ಲಿ ನಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2025ರಲ್ಲಿ ಹೇಳಿತು. ಬೆಂಗಳೂರಿನಲ್ಲಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಬಂದವು, ಮೇಲೊಂದು ಪ್ರಾಧಿಕಾರ ಬಂತು. ನಾಮಫಲಕ ಬದಲಾಯಿತು. ನಮ್ಮ ಶಾಲೆಯ ಮುಂದಿನ ಚರಂಡಿಯ ಒಡೆದ ಚಪ್ಪಡಿ ಮಾತ್ರ ಹಾಗೇ ಬಾಯಿ ತೆರೆದುಕೊಂಡಿದೆ. ಅದರ ಪಕ್ಕ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ಯಾರೋ ತಂದು ಸುರಿದ ಮರಳು, ಅದರ ಪಕ್ಕ ತಿಂಗಳುಗಳಿಂದ ಕದಲದ ಒಂದು ಹಳೇ ಕಾರು. ಮಗು ರಸ್ತೆಗೆ ಇಳಿಯದೆ ಇನ್ನೆಲ್ಲಿ ಹೋಗಬೇಕು?

ಕಾರಿನಲ್ಲಿ ಬಿಡುವ ತಾಯಿ ತಂದೆಯರ ಮಾತನ್ನೂ ಕೇಳಿದೆವು. ಒಬ್ಬರು ಹೇಳಿದರು: "ರಸ್ತೆ ನೋಡಿ ಹೇಗಿದೆ, ಮಗುವನ್ನು ನಡೆಸಿಕೊಂಡು ಬರುವುದು ಹೇಗೆ?" ಸರಿ ಸ್ವಾಮಿ. ರಸ್ತೆ ಅಪಾಯ ಎಂದು ನೀವು ಕಾರು ತರುತ್ತೀರಿ. ನೀವು ಕಾರು ತರುತ್ತೀರಿ ಎಂದು ರಸ್ತೆ ಅಪಾಯ! ನಿಮ್ಮ ಮಗುವಿನ ಸುತ್ತ ಕಬ್ಬಿಣದ ಪೆಟ್ಟಿಗೆ ಇದೆ. ಆ ಪೆಟ್ಟಿಗೆಯ ಮುಂದೆ ಬರಿಗಾಲಲ್ಲೋ ಹವಾಯಿ ಚಪ್ಪಲಿಯಲ್ಲೋ ನಡೆಯುವ ಮಗುವಿಗೆ ಏನಿದೆ? ದೊಡ್ಡ ಶಾಲೆಯ ಗೇಟಿನಲ್ಲಿ ಶಿಳ್ಳೆ ಹಿಡಿದ ಸೆಕ್ಯೂರಿಟಿ ಇದ್ದಾನೆ, ಕೈಯಲ್ಲಿ 'ನಿಲ್ಲಿ' ಫಲಕ ಇದೆ. ತನ್ನ ಶಾಲೆಯ ಕಾರುಗಳಿಗೆ ದಾರಿ ಮಾಡಿಕೊಡಲು ಅವನು ನಮ್ಮ ಶಾಲೆಯ ಮಕ್ಕಳನ್ನು ತಡೆದು ನಿಲ್ಲಿಸುತ್ತಾನೆ! ಬಡವರ ಶಾಲೆಗೆ ಜವಾನನೇ ಇಲ್ಲ, ಸೆಕ್ಯೂರಿಟಿ ಎಲ್ಲಿಂದ ಬರಬೇಕು? ಬಿಸಿಯೂಟ, ಹಾಜರಿ, ಸಮೀಕ್ಷೆ ಎಲ್ಲ ಮಾಡುವ ಮೇಡಂ ರಸ್ತೆಗೂ ಬಂದು ನಿಲ್ಲಬೇಕೇ?

ಕಾರು ಬಿಡು, ಸ್ಕೂಟರ್ ನೋಡು. ಅಪ್ಪನ ತಲೆಗೆ ಹೆಲ್ಮೆಟ್, ಮಗನ ತಲೆಗೆ ಎಣ್ಣೆ! ದಂಡ ಬೀಳುವ ತಲೆಗೆ ಮಾತ್ರ ರಕ್ಷಣೆ. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ ಎಂದು ಕಾನೂನಿದೆ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಗುವಿಗೂ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಬೇಕು, ವೇಗ 40 ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದಲೇ ಜಾರಿಯಲ್ಲಿದೆ. ನಿಮ್ಮ ಬೀದಿಯಲ್ಲಿ ಆ ಪಟ್ಟಿ ಕಟ್ಟಿದ ಒಂದು ಮಗುವನ್ನು ತೋರಿಸು ನೋಡೋಣ.

ಹದಿನಾರಕ್ಕೇ ಸ್ಕೂಟರ್ ಕೀ ಕೈಗೆ ಕೊಡುವ ಮನೆಗಳು ಬೇರೆ. "ಟ್ಯೂಷನ್ ದೂರ, ಪಾಪ" ಎನ್ನುತ್ತಾರೆ. 2019ರ ತಿದ್ದುಪಡಿಯಾದ ಮೇಲೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಏನು ಹೇಳುತ್ತದೆ ಗೊತ್ತೇ? ಅಪ್ರಾಪ್ತ ಮಗ ಅಪರಾಧ ಮಾಡಿದರೆ ಹೊಣೆ ಪೋಷಕನದು ಅಥವಾ ಮಾಲೀಕನದು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಮಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸೇ ಇಲ್ಲ. ನಿನ್ನ ತಮ್ಮನ ಕೈಯಲ್ಲಿ ನಿನ್ನದೇ ಬೈಕಿನ ಕೀ ಇದ್ದರೆ ಈ ರಾತ್ರಿಯೇ ಕಿತ್ತುಕೋ.

ಶಾಲಾ ವ್ಯಾನುಗಳ ಕಥೆ ಹೇಳಲು ಹೊಟ್ಟೆ ಉರಿಯುತ್ತದೆ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು 28 ಮಕ್ಕಳು ಸತ್ತರು. ಆಗ ಸುಪ್ರೀಂ ಕೋರ್ಟು ಶಾಲಾ ಬಸ್ಸುಗಳಿಗೆ ವೇಗದ ಮಿತಿ ಇರಬೇಕು, ಮಕ್ಕಳನ್ನು ನೋಡಿಕೊಳ್ಳುವ ಸಹಾಯಕ ಇರಬೇಕು ಎಂದೆಲ್ಲ ಆದೇಶ ಮಾಡಿತು. ಹತ್ತೊಂಬತ್ತು ವರ್ಷವಾಯಿತು. 2016ರ ಜೂನ್ 21. ನಮ್ಮದೇ ಉಡುಪಿ ಜಿಲ್ಲೆ, ಕುಂದಾಪುರ ಸಮೀಪದ ತ್ರಾಸಿ. ಬೆಳಿಗ್ಗೆ ಶಾಲೆಗೆ ಹೊರಟಿದ್ದ ಓಮ್ನಿ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿ. ಎಂಟು ಮಕ್ಕಳು ಸತ್ತರು. ಶಾಲೆ ಶುರುವಾಗಿ ಮೂರು ವಾರವಾಗಿತ್ತು! ಹೊಸ ಪುಸ್ತಕಗಳ ರಟ್ಟಿನ ವಾಸನೆ ಕೂಡ ಹೋಗಿರಲಿಲ್ಲ. ಒಂದಷ್ಟು ದಿನ ಆರ್‌ಟಿಓಗಳು ರಸ್ತೆಗೆ ಇಳಿದರು, ವ್ಯಾನುಗಳನ್ನು ಹಿಡಿದರು, ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಮೇಲೆ? ನಾಳೆ ಬೆಳಿಗ್ಗೆ ನಿನ್ನ ಬೀದಿಯಲ್ಲಿ ಹೋಗುವ ವ್ಯಾನಿನ ಕಿಟಕಿಯಲ್ಲಿ ಎಷ್ಟು ತಲೆ ಕಾಣುತ್ತವೆ, ನೀನೇ ಎಣಿಸು. ಆಟೋದ ಹೊರಗೆ ಎಷ್ಟು ಚೀಲ ನೇತಾಡುತ್ತವೆ, ಎಣಿಸು. ಡ್ರೈವರನನ್ನು ಬೈದರೆ ಮುಗಿಯಲಿಲ್ಲ, ನೆನಪಿಡು. ತಿಂಗಳಿಗೆ ಇಷ್ಟೇ ಕೊಡುತ್ತೇವೆ ಎಂದು ಚೌಕಾಸಿ ಮಾಡುವ ಪೋಷಕರು, "ವ್ಯಾನಿಗೂ ನಮಗೂ ಸಂಬಂಧವಿಲ್ಲ" ಎಂದು ಕೈ ತೊಳೆದುಕೊಳ್ಳುವ ಶಾಲೆಗಳು, ಎಲ್ಲರೂ ಸೇರಿ ತುಂಬಿದ ಗಾಡಿ ಅದು.

ಈಗ ನಮ್ಮ ಭಾಷೆಯ ಮಾತು. ಇಲ್ಲೂ ಅದು ತಪ್ಪಿದ್ದಲ್ಲ! ಶಾಲೆಯ ಹತ್ತಿರದ ಫಲಕಗಳನ್ನು ಎಂದಾದರೂ ಓದಿದ್ದೀಯಾ? 'ಸ್ಕೂಲ್ ಝೋನ್', 'ಗೋ ಸ್ಲೋ', ಅದೂ ಇಂಗ್ಲಿಷ್ ಅಕ್ಷರದಲ್ಲಿ. ರಾಯಚೂರಿನಿಂದ ಬಂದು ಟಿಪ್ಪರ್ ಓಡಿಸುವವನಿಗೆ, ಮಂಡ್ಯದಿಂದ ಬಂದು ಟ್ಯಾಂಕರ್ ಓಡಿಸುವವನಿಗೆ ಅದು ಗೋಡೆಯ ಮೇಲಿನ ಗೀಚು. 'ಶಾಲೆ ಇದೆ, ನಿಧಾನ' ಎಂದು ಮೂರು ಪದ ಬರೆಯಲು ಪೇಂಟು ಸಾಲಲಿಲ್ಲವೇ? ಪರರಾಜ್ಯದಿಂದ ಬಂದ ಚಾಲಕನಿಗೆ ಕನ್ನಡವೂ ಬಾರದು ಎನ್ನುತ್ತೀಯಾ? ಒಪ್ಪಿದೆ. ಅದಕ್ಕೇ ಕೆಂಪು ತ್ರಿಕೋನದೊಳಗೆ ಓಡುವ ಮಕ್ಕಳ ಚಿತ್ರ ಇರುವುದು. ಚಿತ್ರ ಎಲ್ಲರಿಗೆ, ಕನ್ನಡ ಈ ನೆಲದವರಿಗೆ. ಎರಡೂ ಇಲ್ಲದೆ ಇಂಗ್ಲಿಷ್ ಒಂದೇ ಇದ್ದರೆ ಅದು ಯಾರಿಗೆ? ವ್ಯಾನಿನ ನಿಯಮಗಳನ್ನು ನಾಲ್ಕು ಪುಟ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ತಾಯಂದಿರ ಸಹಿ ಹಾಕಿಸಿಕೊಳ್ಳುವ ಶಾಲೆಗಳಿವೆ. ಓದಲಾಗದ ಕಾಗದಕ್ಕೆ ಸಹಿ! ನಾಳೆ ಅನಾಹುತವಾದರೆ ಆ ಸಹಿಯನ್ನೇ ತಾಯಿಯ ಮುಖಕ್ಕೆ ಹಿಡಿಯುತ್ತಾರೆ.

ಇಷ್ಟು ಹೊತ್ತು ತಲೆ ಆಡಿಸುತ್ತಾ ಓದಿದೆಯಲ್ಲ, ಈಗ ನಿನ್ನ ಸರದಿ. ನವೆಂಬರ್ ಬಂದರೆ ನಾವು ಬೈಕ್ ಮೆರವಣಿಗೆ ಮಾಡುತ್ತೇವೆ. ಮೂರು ಮೂರು ಜನ, ಹೆಲ್ಮೆಟ್ ಇಲ್ಲ, ಸೈಲೆನ್ಸರ್ ಕಿತ್ತ ಸದ್ದು, ನಡುವೆ ಒಬ್ಬ ವೀಲಿಂಗ್ ಮಾಡುವ ಮಹಾಶೂರ. ಮುಂದೆ ತಾಯಿ ಭುವನೇಶ್ವರಿಯ ಚಿತ್ರ! ರಸ್ತೆ ದಾಟಲು ನಿಂತ ಕನ್ನಡ ಶಾಲೆಯ ಮಗುವಿಗೆ ಆ ಸದ್ದಿನಲ್ಲಿ ಕೇಳಿಸುವುದು ಜೈ ಭುವನೇಶ್ವರಿಯಲ್ಲ, ಭಯ. ಕನ್ನಡ ಉಳಿಯುವುದು ಬೋರ್ಡಿನಲ್ಲಿ ಮಾತ್ರವಲ್ಲ. ಅ ಆ ಇ ಈ ಕಲಿಯಲು ಹೊರಟ ಮಗು ಶಾಲೆ ಮುಟ್ಟಬೇಕು, ಸಂಜೆ ಮನೆ ಮುಟ್ಟಬೇಕು. ಅದನ್ನೇ ಕಾಯಲಾಗದ ನಮ್ಮ ಮೀಸೆಗೆ ಬೆಂಕಿ ಬೀಳಲಿ!

ಬೈಯುತ್ತಿದ್ದೇನೆ ಎಂದು ಸಿಟ್ಟಾಗಬೇಡ. ನಾನೂ ಆ ಮೆರವಣಿಗೆಯಲ್ಲಿ ಇದ್ದವನೇ.

ಚಳವಳಿಯಿಂದ ಇದೆಲ್ಲ ಆಗುತ್ತದೆಯೇ ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ. ಇಂದು ಸೈಕಲ್ಲಿನ ದೇಶ ಎಂದು ಹೆಸರಾದ ನೆದರ್ಲೆಂಡ್ಸ್ ಹಿಂದೆ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ರಸ್ತೆಗೆ ಬಲಿಕೊಟ್ಟ ಪತ್ರಕರ್ತ ವಿಕ್ ಲಾಂಗೆನ್‌ಹೋಫ್ 1972ರಲ್ಲಿ ಒಂದು ಲೇಖನ ಬರೆದ. 'ಮಕ್ಕಳ ಕೊಲೆ ನಿಲ್ಲಿಸಿ' ಎಂಬುದೇ ಅದರ ಕೂಗು. ಅಪಘಾತ ಎನ್ನಲಿಲ್ಲ ಅವನು, ಕೊಲೆ ಎಂದ! ಆ ಹೆಸರಿನಲ್ಲೇ ಚಳವಳಿ ಹುಟ್ಟಿತು. ತಾಯಂದಿರು, ತರುಣರು, ಮಕ್ಕಳು ಬೀದಿಗೆ ಬಂದು ಕೂತರು. ಅಲ್ಲಿನ ಬೀದಿಗಳು ಬದಲಾಗಲು ಅದೊಂದೇ ಕಾರಣವಲ್ಲ, ತೈಲದ ಬೆಲೆ ಏರಿದ್ದೂ ಒಂದು ಕಾರಣ. ಆದರೆ ಕೂರದೆ ಯಾವುದೂ ಬದಲಾಗುತ್ತಿರಲಿಲ್ಲ.

ಹಾಗೆಂದು ಕಲ್ಲು ಎತ್ತಿಕೊಳ್ಳಬೇಡ. ಯಾರ ಕಾರಿನ ಗಾಜನ್ನೂ ಒಡೆಯುವುದು ಬೇಡ. ಗಾಜು ಒಡೆದ ಸುದ್ದಿ ಬರುತ್ತದೆ, ಮಗುವಿನ ಸುದ್ದಿ ಮುಚ್ಚಿಹೋಗುತ್ತದೆ. ನಿನ್ನ ಏರಿಯಾದ ಕನ್ನಡ ಶಾಲೆಗೆ ಹೋಗು. ಮುಖ್ಯೋಪಾಧ್ಯಾಯರನ್ನು, ಎಸ್‌ಡಿಎಂಸಿ ಅಧ್ಯಕ್ಷರನ್ನು ಕಾಣು. ಅವರ ಸಹಿ ಹಾಕಿಸಿ, ಕನ್ನಡದಲ್ಲೇ ಬರೆದ ಒಂದು ಮನವಿಯನ್ನು ಸಂಚಾರ ಠಾಣೆಗೂ ಪಾಲಿಕೆಯ ಎಂಜಿನಿಯರಿಗೂ ಕೊಡು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡ. ಕೇಳಬೇಕಾದದ್ದು ಬಹಳವಿಲ್ಲ. ಶಾಲೆ ಬಿಡುವ, ಕೂಡುವ ಅರ್ಧರ್ಧ ಗಂಟೆ ಗೇಟಿನಿಂದ ನೂರು ಮೀಟರ್ ಒಳಗೆ ಯಾರ ಕಾರೂ ನಿಲ್ಲಬಾರದು, ಅದು ಯಾವ ಶಾಲೆಯದೇ ಆಗಲಿ. ಬಿಳಿ ಬಣ್ಣ ಕಾಣುವ ರಸ್ತೆ ಉಬ್ಬು, ಜೀಬ್ರಾ ಪಟ್ಟೆ ಬೇಕು. ಚರಂಡಿಗೆ ಚಪ್ಪಡಿ ಬೇಕು. ಆ ಹೊತ್ತಿಗೆ ಟಿಪ್ಪರು, ಟ್ಯಾಂಕರು ಆ ಬೀದಿಗೆ ಬರಬಾರದು. ಕನ್ನಡದಲ್ಲಿ ಫಲಕ ಬೇಕು. ಹದಿನೈದು ದಿನಕ್ಕೊಮ್ಮೆ ಹೋಗಿ ಏನಾಯಿತು ಎಂದು ಕೇಳು. ನಿನ್ನ ಮುಖ ಕಂಡರೆ ಎಂಜಿನಿಯರಿಗೆ ಚಪ್ಪಡಿಯ ನೆನಪಾಗಬೇಕು.

ಮತ್ತೆ, ರಸ್ತೆಯಲ್ಲಿ ಬಿದ್ದವರನ್ನು ಎತ್ತಲು ಹೆದರಬೇಡ. ನೆರವಿಗೆ ಬಂದವನನ್ನು ಕೇಸಿಗೆ ಎಳೆಯದಂತೆ ಕಾಪಾಡುವ 134ಎ ಕಲಂ 2019ರಿಂದ ಕಾಯ್ದೆಯಲ್ಲೇ ಇದೆ. 112ಕ್ಕೆ ಫೋನ್ ಮಾಡು, ಮಗುವಿನ ಪಕ್ಕ ಇರು.

ನಾವು ಪೊಲೀಸರಲ್ಲ, ಠಾಣೆಗೆ ತಿಳಿಸಿಯೇ ನಿಲ್ಲುತ್ತೇವೆ. ಕೈ ಅಡ್ಡ ಹಿಡಿದು "ಸ್ವಲ್ಪ ನಿಲ್ಲಿಸಿ ಸಾರ್, ಮಕ್ಕಳು ದಾಟಲಿ" ಎಂದು ಕೇಳುತ್ತೇವೆ. ಕಳೆದ ವರ್ಷ ಮೊದಲ ದಿನ ಹತ್ತರಲ್ಲಿ ಇಬ್ಬರು ನಿಲ್ಲಿಸುತ್ತಿದ್ದರೋ ಏನೋ. ವಾರದ ಕೊನೆಗೆ ದಿನಾ ಅದೇ ದಾರಿಯಲ್ಲಿ ಬರುವವರು ನಮ್ಮನ್ನು ಕಂಡ ಕೂಡಲೇ ತಾವೇ ನಿಧಾನಿಸತೊಡಗಿದರು. ಒಬ್ಬ ಟಿಪ್ಪರ್ ಡ್ರೈವರ್ ಕಿಟಕಿಯಿಂದ ಕೈ ಬೀಸಿ ಹೋಗುತ್ತಿದ್ದ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅದೇ ಗೇಟಿನ ಮುಂದೆ ಇರುತ್ತೇವೆ. ಆ ಹುಡುಗಿ ಈಗ ನಾಲ್ಕನೇ ತರಗತಿ, ತಮ್ಮ ಎರಡನೆಯದು. ಬೈಕನ್ನು ಮನೆಯಲ್ಲಿ ಬಿಟ್ಟು ನಡೆದು ಬಾ.